ಹೆಣ್ಣು ಮೀನುಗಳ ಕೆರೆ

ಹಾರ್ಗೆಟ್ ಕೆರೆ, ಅಲಬಾಮಾ
ಭಾನುವಾರ, ಅಕ್ಟೋಬರ್ ೧೪, ೨೦೧೨

ಮಗಳು ಆರ್ಲೀನಳಿಗೆ,

ನಿನ್ನ ಕಾಗದ ಗುರುವಾರವೇ ತಲುಪಿತು. ಚರ್ಚಿನಿಂದ ಬಂದು, ಊಟದ ತಟ್ಟೆ ತೊಳೆದಿಟ್ಟು, ಈಗ ಉತ್ತರ ಬರೆಯಲು ಕುಳಿತಿದ್ದೇನೆ. ಕ್ಷೇಮವಾಗಿದ್ದೀಯೆಂದು ಬರೆದಿದ್ದೀಯ. ಗಂಡನ ಅಣ್ಣನ ಟ್ರೇಲರ್ ಮನೆಯಲ್ಲಿ, ಓರಗಿತ್ತಿಯ ಒಲೆಯ ಮೇಲೆ ಅಡುಗೆ ಮಾಡಿಕೊಂಡು ಒಬ್ಬ ಹೆಂಗಸು ಎಷ್ಟು ಕ್ಷೇಮವಾಗಿರಬಹುದೋ ಅಷ್ಟು ಎಂದು ತಿಳಿದುಕೊಂಡೆ.

ನೀನು ಎರಡು ಮಾತು ಕೇಳಿದ್ದೀಯ. ಜಾರ್ಜಿಯಾದ ಟೀಗ್ ಎಂಬುವರು ಹೊಸ ಕೆರೆ ಕಟ್ಟಿಸಿದ್ದಾರೆ, ಅದನ್ನು ನೋಡಿಕೊಳ್ಳಲು ನಿನ್ನ ಗಂಡ ಲೋವೆಲ್‌ನನ್ನು ಇಟ್ಟುಕೊಳ್ಳುವ ಮನಸ್ಸಿದೆ, ಇರಲು ಮನೆಯನ್ನೂ ಕೊಡುತ್ತಾರೆ, ಆದರೆ ನನ್ನನ್ನು ಒಂದು ಮಾತು ಕೇಳದೆ ಇಟ್ಟುಕೊಳ್ಳುವುದಿಲ್ಲ. ಅವರು ಫೋನ್ ಮಾಡಿದಾಗ ನಾನು ಒಳ್ಳೆಯದು ಹೇಳಬೇಕು. ಇದು ಒಂದು. ಇನ್ನೊಂದು, ಲೋವೆಲ್ ನಿಜವಾಗಿಯೂ ಆ ಗಂಡು ಮೀನನ್ನು ನಮ್ಮ ಕೆರೆಗೆ ಬಿಟ್ಟನೇ? ನೀನು ಕೇಳಿದರೆ ಅವನು ಎದ್ದು ಅಂಗಳಕ್ಕೆ ಹೋಗಿಬಿಡುತ್ತಾನೆ, ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ, ಒಂಬತ್ತು ವರ್ಷ ಸಂಸಾರ ಮಾಡಿದ ಗಂಡಸು ಈಗ ಅಪರಿಚಿತನಂತೆ ಕಾಣುತ್ತಾನೆ ಎಂದು ಬರೆದಿದ್ದೀಯ.

ಮೊದಲನೆಯದಕ್ಕೆ ಉತ್ತರ, ಆಗುವುದಿಲ್ಲ. ಊರಿಗೆಲ್ಲ ಏನು ಹೇಳಿದ್ದೇನೋ ಅದನ್ನೇ ಟೀಗ್ ಅವರಿಗೂ ಹೇಳುತ್ತೇನೆ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ನೀನು ಮರೆತವಳಂತೆ ಬರೆದಿದ್ದೀಯ.

ನಮ್ಮ ಕೆರೆಯಲ್ಲಿ ಹೆಣ್ಣು ಬ್ಯಾಸ್ ಮೀನು ಮಾತ್ರ. ಗಂಡಿಲ್ಲದಿದ್ದರೆ ಮರಿಯಿಲ್ಲ. ಮರಿಯಿಲ್ಲದಿದ್ದರೆ ತಿನ್ನುವ ಬಾಯಿ ಕಡಿಮೆ, ಇದ್ದವು ಹಂದಿಗಳಂತೆ ಕೊಬ್ಬುತ್ತವೆ. ಡಲ್ಲಾಸಿನಿಂದ, ಚಿಕಾಗೋದಿಂದ ಜನ ಬರುವುದು ಹದಿಮೂರು ಪೌಂಡಿನ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಎದೆಗವಚಿ ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುವ ಸುಖಕ್ಕೆ. ಒಂದೇ ಒಂದು ಗಂಡು ಒಳಗೆ ಬಂದರೆ ಸಾಕು. ದಡದ ತೆಳು ನೀರಿನಲ್ಲಿ ಬಾಲದಿಂದ ಗುಡಿಸಿ ಗೂಡು ಮಾಡುತ್ತದೆ, ಮರಿ ಕಾಯುತ್ತದೆ, ಕೆಲವೇ ವರ್ಷದಲ್ಲಿ ಕೆರೆಯ ತುಂಬ ತಲೆ ದೊಡ್ಡದಾದ, ಮೈ ಬಡಕಲಾದ, ಹಸಿದ ಮೀನುಗಳು. ದೊಡ್ಡವುಗಳ ಅನ್ನವನ್ನು ಚಿಕ್ಕವು ತಿಂದು, ಎರಡೂ ಕೆಡುತ್ತವೆ. ಈ ಸೀಮೆಯಲ್ಲಿ ಬರಗಾಲದಿಂದ ಕೆಟ್ಟ ಕೆರೆ ನಾನು ನೋಡಿಲ್ಲ. ಕನಿಕರದಿಂದ ಕೆಟ್ಟವನ್ನು ಬಹಳ ನೋಡಿದ್ದೇನೆ.

ನಿನ್ನಪ್ಪ ಕೆರೆ ಅಗೆಸಿದ, ಸತ್ತ. ಉಳಿದದ್ದೆಲ್ಲ ನಾನು. ಮರಿಕೊಳದಲ್ಲಿ ಬೆಳೆದ ಮೀನುಗಳನ್ನು ತೊಟ್ಟಿಗೆ ತಂದಾಗ ಒಂದೊಂದನ್ನೂ ಒದ್ದೆ ಕೈಯಲ್ಲಿ ಮಗುಚಿ ಹಿಡಿದು ಆರಿಸಿದವಳು ನಾನು. ಹಿಂಬದಿಯ ರಂಧ್ರದ ಸುತ್ತ ಹುರುಪೆಯಿಲ್ಲದ ಜಾಗ ದುಂಡಗಿದ್ದರೆ ಗಂಡು, ಉದ್ದಗಿದ್ದರೆ ಹೆಣ್ಣು. ಹೆಣ್ಣಾದರೆ ಹೊಟ್ಟೆಯ ಎಡ ರೆಕ್ಕೆಯನ್ನು ಬುಡಕ್ಕೆ ಕತ್ತರಿಸಿ ಕೆರೆಗೆ. ಗಂಡಾದರೆ ಚರ್ಚಿನ ಮೀನೂಟದ ಬಾಣಲೆಗೆ. ಆ ಕತ್ತರಿಸಿದ ರೆಕ್ಕೆ ನನ್ನ ಸಹಿ. ಮೂರು ಜಿಲ್ಲೆಯ ಕೆರೆಗಳ ಒಡೆಯರು ವಿಲೋಡೀನ್ ಹಾರ್ಗೆಟ್ ಆರಿಸಿದ ಮೀನೆಂದರೆ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಬೇರೆಯವರು ರಂಧ್ರಕ್ಕೆ ಸಣ್ಣ ಕೊಳವೆ ಹಾಕಿ ಮೊಟ್ಟೆ ಬರುತ್ತದೆಯೇ ಎಂದು ನೋಡುತ್ತಾರೆ. ನಾನು ಯಾವತ್ತೂ ನೋಡಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಕೆರೆಗೆ ಹೊಸ ಮೀನು ಸೇರಿಸುವಾಗ ನಿನ್ನ ಗಂಡ ತೊಟ್ಟಿಯ ಬಳಿ ನಿಂತು, “ಮಿಸ್ ವಿಲೋಡೀನ್, ಹೊತ್ತು ಮುಳುಗ್ತಾ ಇದೆ. ಅನುಮಾನ ಇದ್ರೆ ಒಂದ್ಸಲ ಕೊಳವೆ ಹಾಕಿ ನೋಡೋಣ್ವಾ?” ಎಂದ. “ಅನುಮಾನ ಯಾರಿಗಪ್ಪ, ನಿನಗೋ ಮೀನಿಗೋ?” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಅವನಲ್ಲಿ ನನಗೆ ಸೇರದಿದ್ದುದೇ ಅದು, ತನ್ನನ್ನು ಆಡಿಕೊಂಡಾಗ ತಾನೂ ನಗುವುದು.

ಈ ವರ್ಷದ ಏಪ್ರಿಲಿನಲ್ಲಿ ನಡೆದದ್ದು ನೀನೂ ಕಂಡಿದ್ದೀಯ. ಅತಿಥಿಯೊಬ್ಬ ಗೇಣುದ್ದದ ಮೀನೊಂದನ್ನು ಹಿಡಿದು ತಂದು ಊಟದ ಮೇಜಿನ ಮೇಲಿಟ್ಟು, “ಮಿಸ್ ವಿಲೋಡೀನ್, ನಿಮ್ಮ ಹೆಣ್ಮಕ್ಕಳ ಹಾಸ್ಟೆಲಿಗೆ ಯಾರೋ ಗೋಡೆ ಹಾರಿದಾರೆ” ಎಂದ. ಕೆರೆಯಲ್ಲಿ ಹುಟ್ಟದೆ ಅಷ್ಟು ಚಿಕ್ಕ ಮೀನು ಅಲ್ಲಿರಲು ಸಾಧ್ಯವೇ ಇಲ್ಲ. ಮೇಜಿನ ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಲೋವೆಲ್‌ನ ಮುಖ ನೋಡಿದೆ. ಶನಿವಾರ ಶನಿವಾರ ಅಣ್ಣನ ಜೊತೆ ಡ್ಯಾಮಿಗೆ ಹೋಗಿ ಬಕೀಟಿನಲ್ಲಿ ಜೀವಂತ ಮೀನು ತರುವವನು ಈ ಮನೆಯಲ್ಲಿ ಅವನೊಬ್ಬನೇ. “ಯಾವಾಗ ಬಿಟ್ಟೆ?” ಎಂದೆ. “ನಾನು ಬಿಟ್ಟಿಲ್ಲ” ಎಂದ. ನಮ್ಮ ಡ್ಯೂವಿ, ನಿನ್ನ ಚಿಕ್ಕಮ್ಮನ ಮಗ, ಸಾರು ಬಡಿಸಿಕೊಳ್ಳುತ್ತಲೇ, “ಬಕೀಟಲ್ಲಿ ಇನ್ಯಾರ್ಯಾರು ಇದಾರೆ ನೋಡ್ಕೊಳ್ಳಪ್ಪ ಲೋವೆಲ್, ಆಮೇಲೆ ಮೊಸಳೆ ಗಿಸಳೆ ಬಂದೀತು” ಎಂದ. ಅಲ್ಲಿಗೆ ಊರಿಗೆ ಸುದ್ದಿಯಾಯಿತು.

ಆಗ ನಾನು ಅದನ್ನು ನಂಬಿದ್ದೆ. ಇದನ್ನು ನೀನು ತಿಳಿದಿರಬೇಕು.

ಮರಿಯಾದ ಕೆರೆಗೆ ಎಲ್ಲ ಮೀನನ್ನೂ ಕೊಂದು ಹೊಸದಾಗಿ ತುಂಬುವುದೊಂದೇ ಮದ್ದು. ಸೆಪ್ಟೆಂಬರಿನಲ್ಲಿ ನೀರು ಇಳಿದ ಮೇಲೆ ಕೆರೆಯನ್ನು ಕೊಂದೆವು. ನೀನು ಮನೆಯೊಳಗೆ ಕಿಟಕಿ ಮುಚ್ಚಿಕೊಂಡು ಕುಳಿತಿದ್ದೆ, ಆದ್ದರಿಂದ ಹೇಳುತ್ತೇನೆ. ವಿಷದ ಪುಡಿಯನ್ನು ದೋಣಿಯಿಂದ ಬೀರುವ ಕೆಲಸವನ್ನು ಲೋವೆಲ್‌ಗೇ ಕೊಟ್ಟೆ. ಡ್ಯೂವಿ ಮಾಡುತ್ತೇನೆಂದ, ನಾನು ಒಪ್ಪಲಿಲ್ಲ. ಉಸಿರು ಸಿಗದೆ ಮೀನುಗಳು ಮೇಲೆ ಬಂದವು. ಕಟ್ಟೆಯ ತುದಿಯಲ್ಲಿ ಕುಳಿತು ಅವನು ಒಂಬತ್ತು ವರ್ಷ ಕೈಯಾರೆ ತಿನ್ನಿಸಿದವು, ಅವನ ದೋಣಿಯ ಸದ್ದು ಗುರುತು ಹಿಡಿದು, ಸಾಯುವಾಗಲೂ ಅವನ ಕಡೆಗೇ ಬಂದವು. ಹಸಿದು ಬಂದವೋ, ಕಾಪಾಡುತ್ತಾನೆಂದು ಬಂದವೋ, ಮೀನಿನ ಮನಸ್ಸು ಯಾರಿಗೆ ಗೊತ್ತು. ತುಟಿ ಹರಿದ ದೊಡ್ಡದೊಂದು ದೋಣಿಯ ಅಂಚಿಗೆ ಬಾಯಿ ಹಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು. ಅವನು ಕಣ್ಣೊರೆಸಿಕೊಂಡ. “ಅಳೋದಿದ್ರೆ ದಡಕ್ಕೆ ಬಂದು ಅಳು, ಪುಡಿ ಒದ್ದೆಯಾಗುತ್ತೆ” ಎಂದು ಕೂಗಿ ಹೇಳಿದೆ.

ಆಮೇಲೆ ಎಲ್ಲವನ್ನೂ ದಡಕ್ಕೆ ಎಳೆಸಿ, ಮರಿಗಳನ್ನು ಬದಿಗಿರಿಸಿ, ದೊಡ್ಡವು ಒಂದೊಂದರ ಹೊಟ್ಟೆ ಸೀಳಲು ಅವನಿಗೇ ಹೇಳಿದೆ. ಗಂಡನ್ನು ಕಣ್ಣಾರೆ ಕಾಣದೆ ನಾನು ಬಿಡುವವಳಲ್ಲ. ಹಳದಿ ಮೊಟ್ಟೆಚೀಲ, ಹಳದಿ ಮೊಟ್ಟೆಚೀಲ, ಸೀಳಿದ್ದೆಲ್ಲ ಹೆಣ್ಣೇ. ಮಧ್ಯಾಹ್ನ ಊಟಕ್ಕೂ ಏಳಗೊಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಂದರ ಒಳಗೆ ಮೊಟ್ಟೆಚೀಲದ ಬದಲು ಗಂಡಿನ ಬಿಳಿಯ ಎರಡು ಪಟ್ಟಿ ಕಂಡವು. ಅವನು ಮೀನನ್ನು ತಿರುಗಿಸಿದ. ನಾನು ಅವನ ಹೆಗಲ ಮೇಲಿನಿಂದಲೇ ನೋಡುತ್ತಿದ್ದೆ.

ಎಡ ರೆಕ್ಕೆ ಇರಲಿಲ್ಲ. ಬುಡಕ್ಕೆ ಕತ್ತರಿಸಿದ ಗುರುತಿತ್ತು.

ಅದನ್ನು ಕೆರೆಗೆ ಬಿಟ್ಟದ್ದು ನನ್ನ ಕೈ, ಆರ್ಲೀನ್. ಇನ್ನು ನೀನು ಕೇಳಬೇಕಾಗಿಲ್ಲ.

ಡ್ಯೂವಿಯೂ ಕೂಲಿಯವರೂ ನಾಲ್ಕು ಮಾರು ದೂರದಲ್ಲಿದ್ದರು. ಲೋವೆಲ್ ಆ ಜಾಗದ ಮೇಲೆ ತನ್ನ ಹೆಬ್ಬೆರಳನ್ನಿಟ್ಟು ಮುಚ್ಚಿದ. ನನ್ನ ಕಡೆ ತಿರುಗಿ ನೋಡಿದ. ಅವನು ಸಿಟ್ಟಿನಿಂದ ನೋಡಿದ್ದರೆ, ಗೆದ್ದೆನೆಂದು ನೋಡಿದ್ದರೆ, ಈ ಕಾಗದ ಬೇರೆಯಾಗಿರುತ್ತಿತ್ತು. ಮುದುಕಿಯೊಬ್ಬಳು ಮೆಟ್ಟಿಲಲ್ಲಿ ಜಾರಿದಾಗ ನೋಡುತ್ತಾರಲ್ಲ, ಹಾಗೆ ನೋಡಿದ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, “ಸಿಕ್ತು. ರೆಕ್ಕೆ ಸರಿಯಾಗಿದೆ, ಇದು ನಮ್ಮದಲ್ಲ. ಡ್ಯಾಮಿಂದ ನಾನೇ ತಂದಿದ್ದು” ಎಂದು ಹೇಳಿ, ಅದನ್ನು ಸತ್ತ ಮೀನು ಹೂಳುವ ಸುಣ್ಣದ ಗುಂಡಿಗೆ ಎಸೆದ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು ನೋಡು. ಅಳಿಯ ಬಕೀಟು ಚೆಲ್ಲಿದನೆಂದರೆ ಜನ ತಲೆಯಾಡಿಸಿ, ಹೊಸ ಮೀನು ಯಾವಾಗ ಬಿಡುತ್ತೀರಿ ಎಂದು ಕೇಳುತ್ತಾರೆ. ವಿಲೋಡೀನಳ ಕಣ್ಣು ತಪ್ಪಿತೆಂದರೆ ಹಿಂದಿನ ಹತ್ತು ವರ್ಷ ನಾನು ಮಾರಿದ ಮೀನುಗಳ ಮೇಲೆಲ್ಲ ಅನುಮಾನ ಬರುತ್ತದೆ. ಈ ಮನೆ ಉಳಿಯುವುದಿಲ್ಲ. ನಾಳೆ ಈ ಕೆರೆ ನಿನಗೇ ಬರಬೇಕಾದದ್ದು. ಅದನ್ನು ಯಾವ ಬೆಲೆಗೆ ಉಳಿಸಿದೆನೆಂದು ನಿನಗೆ ತಿಳಿದಿರಲಿ ಎಂದೇ ಇದನ್ನೆಲ್ಲ ಬರೆದದ್ದು. ನನ್ನ ಕಣ್ಣಿನ ಬಗ್ಗೆ ನೀನು ಏನೇನೋ ಊಹಿಸಿಕೊಳ್ಳಬೇಡ. ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೆಯದೆ ಹಾಡುತ್ತೇನೆಂದು ನಿನ್ನ ಚಿಕ್ಕಮ್ಮ ಬರೆದಿರಬಹುದು. ಹಾಡುಗಳು ಬಾಯಿಗೆ ಬರುತ್ತವೆ, ಅದಕ್ಕೇ.

ಹಾಗಾದರೆ ಅವನನ್ನು ಮನೆಯಿಂದ ಯಾಕೆ ಕಳಿಸಿದೆ ಎಂದು ಕೇಳುತ್ತೀಯ. ಆ ಸಂಜೆ ಕೈ ತೊಳೆದುಕೊಂಡು ಬಂದು ಊಟಕ್ಕೆ ಕುಳಿತವನು, ಬ್ರೆಡ್ಡಿನ ತಟ್ಟೆಯನ್ನು ನನ್ನ ಕೈಗೆಟುಕುವಷ್ಟು ಹತ್ತಿರ ಸರಿಸಿದ. ನನಗೆ ಕಾಣುವುದಿಲ್ಲವೆಂಬಂತೆ. ಮೆಲ್ಲಗೆ, “ಇಲ್ಲಿದೆ, ಮಿಸ್ ವಿಲೋಡೀನ್” ಎಂದ. ನನ್ನನ್ನು ಹೆದರಿಸುವವನ ಜೊತೆ ನಾನು ಬಾಳಬಲ್ಲೆ, ವಂಚಿಸುವವನ ಜೊತೆಗೂ ಬಾಳಿದ್ದೇನೆ, ನಿನ್ನಪ್ಪ ಏನು ಕಡಿಮೆಯೇ. ನನ್ನ ಮೇಲೆ ಕನಿಕರಪಡುವವನು ದಿನಕ್ಕೆ ಮೂರು ಹೊತ್ತು ನನ್ನೆದುರು ಕುಳಿತು ಉಣ್ಣುವುದನ್ನು ಸಹಿಸಲಾರೆ. ಮರುದಿನ ಬೆಳಗ್ಗೆ ಅವನ ಬಟ್ಟೆಗಳನ್ನು ನಾನೇ ಮಡಿಸಿ ಟ್ರಕ್ಕಿನಲ್ಲಿಟ್ಟೆ. ನೀನೂ ಹತ್ತಿ ಕುಳಿತೆ. ಅದು ನಿನ್ನ ಆಯ್ಕೆ.

ನೀನು ಇದನ್ನು ಓದಿ ಊರಲ್ಲಿ ಹೇಳಿಕೊಂಡು ಬರಲು ಹೊರಟರೆ, ನಿನ್ನನ್ನು ಮೊದಲು ಸುಳ್ಳಿಯೆನ್ನುವವನು ನಿನ್ನ ಗಂಡನೇ. ಬೇಕಾದರೆ ಕೇಳಿ ನೋಡು. ಹೊಸ ಮರಿಗಳು ವಸಂತಕ್ಕೆ ಬರುತ್ತವೆ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ, ಹಾಸಿಗೆಯ ಮೇಲೆ ಒಂದೇ ದಿಂಬು ಇದೆ. ಬರುವುದಾದರೆ ಒಬ್ಬಳೇ ಬಾ.

ದೇವರು ನಿನಗೆ ಬುದ್ಧಿ ಕೊಡಲಿ.

ನಿನ್ನ ತಾಯಿ,
ವಿಲೋಡೀನ್ ಹಾರ್ಗೆಟ್

ಮರೆತ ಮಾತು, ಸೋಮವಾರ ಬೆಳಗ್ಗೆ: ಕಾಗದ ಅಂಟಿಸುವ ಮೊದಲೇ ಟೀಗ್ ಅವರ ಫೋನ್ ಬಂತು. ಲೋವೆಲ್ ನಿಮ್ಮ ಕೆರೆಗೆ ಗಂಡು ಮೀನು ಬಿಟ್ಟದ್ದು ಹೌದೇ ಎಂದು ಕೇಳಿದರು. ಹೌದೆಂದೆ. ಆ ಕಡೆಯಿಂದ ನಗು ಕೇಳಿಸಿತು. “ಅವನೂ ಅದನ್ನೇ ಹೇಳ್ದ, ಮಿಸ್ ವಿಲೋಡೀನ್. ನಾನು ಕೇಳೋಕೆ ಮುಂಚೇನೇ ಹೇಳ್ದ. ತಪ್ಪನ್ನ ಒಪ್ಕೊಳ್ಳೋ ಆಳು ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ಎರಡು ಕಡೆ ಮಾತು ಹೊಂದುತ್ತಾ ಅಂತ ನೋಡ್ಬೇಕಿತ್ತು, ಅಷ್ಟೇ” ಎಂದರು. ಕೆಲಸವೂ ಮನೆಯೂ ನಿಮ್ಮದಾಯಿತು. ಅವರೂ ಹೆಣ್ಣು ಮೀನಿನ ಕೆರೆಯನ್ನೇ ಮಾಡುತ್ತಾರಂತೆ. ಆರಿಸಿಕೊಡಲು ನನಗಿಂತ ಬಲ್ಲವರು ಯಾರಿದ್ದಾರೆ ಎಂದರು. ನವೆಂಬರಿನಲ್ಲಿ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ. ತೊಟ್ಟಿಯಿಂದ ಮೀನು ಎತ್ತಿಕೊಡಲು ಲೋವೆಲ್‌ನೇ ನನ್ನ ಪಕ್ಕದಲ್ಲಿ ನಿಲ್ಲಬೇಕೆಂದು ಹೇಳಿದೆ, ಅದಕ್ಕೂ ಒಪ್ಪಿದರು. ಮುಂದೊಂದು ದಿನ ಆ ಕೆರೆಯಲ್ಲೂ ಮರಿ ಕಂಡರೆ ಏನು ಹೇಳಬೇಕೆಂಬುದು ಈಗ ಅವನಿಗೆ ಅಭ್ಯಾಸವಾಗಿದೆ.