ಬಾಗಿಲ ಪಕ್ಕದ ಹಿಡಿಕೆ

ಅಪ್ಪನಿಗೆ,

ನಮಸ್ಕಾರ ಆಮೇಲೆ ಹೇಳುತ್ತೇನೆ. ಗಾಲಿಯ ಮೇಲಿನ ನಿಮ್ಮ ಟ್ರೇಲರ್ ಮನೆ ನನ್ನ ತಲೆ ತಿಂದುಹಾಕಿತು. ಸೋರುತ್ತಿರುವುದು ಛಾವಣಿಯೇ ಎಂದು ಹಟ ಹಿಡಿದು ನಾಲ್ಕು ಸಲ ಸಂದಿ ಮುಚ್ಚುವ ಸಿಲಿಕಾನ್ ಅಂಟು ಬಳಿದಿರಿ. ಬಾಗಿಲ ಪಕ್ಕದ ಹಾಸಿಗೆ ಮಾತ್ರ ಒಣಗಲೇ ಇಲ್ಲ.

ನಿನ್ನೆ ನಿಮ್ಮ ಅಳಿಯನಿಗೆ ಟಾರ್ಚು ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ನಾನು ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಂದಿಗೆ ನೀರು ಬಿಟ್ಟೆ. ಮೂರು ಗಂಟೆ ಹೊತ್ತು ಕಳೆದ ಮೇಲೆ, "ಬಂತು, ಬಂತು! ನಿಲ್ಸು ತಾಯಿ, ಕುತ್ತಿಗೆಗೇ ಬೀಳ್ತಿದೆ!" ಎಂದು ಅವರು ಒಳಗಿನಿಂದ ಕೂಗಿಕೊಂಡರು.

ಮಂಡಿನೋವಿನ ಅಮ್ಮ ಹಿಡಿದು ಹತ್ತಲೆಂದು ನೀವು ಕೂರಿಸಿದ್ದ ಹಿಡಿಕೆಯ ಸ್ಕ್ರೂಗಳಿಂದ ನೀರು ಇಳಿಯುತ್ತಿತ್ತು. ಗಾಡಿಗೆಲ್ಲ ಸಿಲಿಕಾನ್ ಮೆತ್ತಿದವರು ಅಲ್ಲಿಗೆ ಮಾತ್ರ ಒಂದು ತೊಟ್ಟೂ ಹಚ್ಚಿಲ್ಲ. ಹಚ್ಚಬೇಕಾದರೆ ಹಿಡಿಕೆಯನ್ನು ಬಿಚ್ಚಬೇಕು. ಸೋರುವುದು ಅಲ್ಲಿಂದಲೇ ಎಂದು ನಿಮಗೆ ಗೊತ್ತಿತ್ತು, ಅಲ್ಲವೇ? ಬಾಯಿಬಿಟ್ಟು ಹೇಳುವುದಕ್ಕೆ ಏನಾಗಿತ್ತು?

ನಾನೇ ಬಿಚ್ಚಿದೆ. ಅಡಿಗೆ ಸಿಲಿಕಾನ್ ಹಾಕಿ, ಅದೇ ತೂತುಗಳಿಗೆ ಮತ್ತೆ ಬಿಗಿದಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ನೀವು ಒಳಗೆ ಕಾಲಿಟ್ಟಿಲ್ಲ. ಭಾನುವಾರ ಬನ್ನಿ. ಈಗ ನಿಮ್ಮ ಮಂಡಿಯೂ ನೆಟ್ಟಗಿಲ್ಲ, ಹಿಡಿದುಕೊಂಡೇ ಹತ್ತಿ.

ಕೈಗೆಲ್ಲ ಸಿಲಿಕಾನ್ ಅಂಟಿಸಿಕೊಂಡಿರುವ
ನಿಮ್ಮ ಮಗಳು