ಕಲ್ಲಿನ ಮೇಲಿನ ನನ್ನ ಹೆಸರು

ನನ್ನ ಪಾದ್ರಿ ಮಾಸ್ತರರಿಗೆ,

ಹಾಜರಿಯಲ್ಲಿ ನನ್ನ ಹೆಸರು ಬಂದಾಗ ನೀವು ಮೊದಲು ಕಿಟಕಿಯಾಚೆ ನೋಡುತ್ತಿದ್ದಿರಿ. ಅಲ್ಲಿ ಹುಕ್ಕೇರಿಯ ನಮ್ಮ ಚರ್ಚಿನ ಸಮಾಧಿಗಳು. ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ, "ಮಾರ್ಥಾ" ಅನ್ನುತ್ತಿದ್ದಿರಿ. ನಾನು "ಹಾಜರ್ರಿ" ಅಂದ ಮೇಲೆಯೇ ನಿಮ್ಮ ಉಸಿರು ಸಡಿಲವಾಗುತ್ತಿತ್ತು. ಎರಡೂ ಕಡೆ ಕೇಳಿಸಲಿ ಎಂದು ಕರೆಯುತ್ತಿದ್ದಿರೇ?

ಪ್ಲೇಗಿನ ವರ್ಷ ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿದ್ದೆವು. ಅಕ್ಕ ಎಸ್ತೇರಳಿಗೆ ಚಳಿಜ್ವರ ಬಂದಾಗ ಅವ್ವ ನನ್ನ ಕೌದಿಯನ್ನು ಅವಳಿಗೆ ಹೊದಿಸಿದಳು. ಅದು ನನ್ನ ಹಳೆಯ ಲಂಗಗಳ ತುಂಡು ಸೇರಿಸಿ ಹೊಲಿದದ್ದು. ಚಳಿಗಾಲದಲ್ಲಿ ಅದನ್ನು ಹೊದ್ದೇ ಶಾಲೆಗೆ ಬರುತ್ತಿದ್ದೆ. ಅಕ್ಕ ತೀರಿಕೊಂಡಾಗ ಅವ್ವನಿಗೆ ಪ್ರಜ್ಞೆ ಇರಲಿಲ್ಲ, ನಾನು ಇನ್ನೊಂದು ಗುಡಿಸಲಲ್ಲಿ ಜ್ವರದಿಂದ ಬಿದ್ದಿದ್ದೆ. ಹೆಣ ಹೊತ್ತವರು ಅಂಜಿ ಮುಖದ ಮೇಲಿನ ಹೊದಿಕೆ ಸರಿಸಲಿಲ್ಲ. ಕೌದಿ ನೋಡಿ ನೀವು ನನ್ನ ಹೆಸರಿನಲ್ಲಿ ಪ್ರಾರ್ಥನೆ ಓದಿ ಮಣ್ಣು ಹಾಕಿದಿರಿ. ವಾರದೊಳಗೆ ನನ್ನ ಹೆಸರಿನ ಕಲ್ಲೂ ನಿಂತಿತು.

ನಾನು ಬದುಕಿ ಎದ್ದು ಬಂದಾಗ ನೀವು ಆ ಕಲ್ಲು ಕೀಳಲು ಹೊರಟಿರಿ. ಅವ್ವ ಅಡ್ಡ ನಿಂತಳು.

"ಮುಟ್ಟಬ್ಯಾಡ್ರಿ ಮಾಸ್ತರ್ರ. ಸಾವು ಇಕಿ ಹೆಸರ ಓದಿ ಹೋಗೈತಿ. ಮತ್ತ ಹುಡಿಕ್ಕೊಂಡು ಬರಾಂಗಿಲ್ಲ."

"ಸಾವಿಗೆ ಓದಾಕ ಯಾರ ಕಲಿಸ್ಯಾರ, ತಂಗಿ?"

"ನೀವ ಊರಿಗೆಲ್ಲಾ ಕಲಿಸೀರಲ್ಲ."

ಕಣಗಲಾದಿಂದ ಬಂದು ಆಂಗ್ಲಿಕನ್ ಪಾದ್ರಿಯಾದವರು ನೀವು. ಆರು ದಿನ ಗಣಿತ, ಏಳನೆಯ ದಿನ ಉಪದೇಶ. ತಾಯಿತ ಕಂಡರೆ ಬೆತ್ತ ಎತ್ತುತ್ತಿದ್ದವರು ಅಂದು ಕಲ್ಲು ಮುಟ್ಟದೆ ಮರಳಿದಿರಿ. ಅವ್ವನ ಮೇಲಿನ ಕನಿಕರಕ್ಕೋ, ಅಥವಾ ನಿಮಗೂ ಒಳಗೊಳಗೇ ಅದೇ ಅಂಜಿಕೆ...

ನೀವು ತೀರಿಕೊಂಡ ಮೇಲೆ, ಎಂ.ಎ. ಮುಗಿಸಿದ್ದ ನಾನು ನಿಮ್ಮ ಕುರ್ಚಿಗೇ ಬಂದೆ. ಮಕ್ಕಳು ಆ ಕಲ್ಲು ಓದಿ ನನ್ನ ಮುಖ ನೋಡುತ್ತಾರೆ. ಕಲ್ಲು ನಿಂತ ಮೇಲೂ ನಲವತ್ತು ವರ್ಷ ನಾನು ಬದುಕಿದ್ದೇನೆ. ಅಕ್ಕ ತನ್ನದೊಂದು ಹೆಸರೂ ಇಲ್ಲದೆ ನನ್ನದನ್ನು ಹೊದ್ದು ಮಲಗಿದ್ದಾಳೆ. ಅವಳ ಹೆಸರನ್ನು ಅವಳಿಗೆ ಕೊಡಬೇಕೆಂದುಕೊಂಡಾಗಲೆಲ್ಲ ಅವ್ವನ ಮಾತು ಕೈ ಕಟ್ಟಿಹಾಕುತ್ತಿತ್ತು.

ಹೋದ ತಿಂಗಳು ಅವ್ವ ತೀರಿಕೊಂಡಳು. ನಿನ್ನೆ ಕಲ್ಲಿನ ಹಿಂಭಾಗದಲ್ಲಿ ಅಕ್ಕನ ಹೆಸರು ಕೆತ್ತಲು ಗೋಕಾಕದ ಕಲ್ಲುಕುಟಿಗನನ್ನು ಕರೆಸಿದೆ. ಸ್ಮಶಾನದ ಗೋಡೆಗೆ ಒರಗಿದ್ದ ಕಲ್ಲನ್ನು ಎಬ್ಬಿಸಿ, ಹಿಂಭಾಗದ ಮಣ್ಣು ಒರೆಸಿ, ಅವನು ಕೈ ನಿಲ್ಲಿಸಿದ.

"ಅಕ್ಕೋರ, ಇಲ್ಲಿ ಮೊದಲ ಯಾರೋ ಕೆತ್ತ್ಯಾರಲ್ರಿ."

ಎಸ್ತೇರ. ಕರಿಹಲಗೆಯ ಮೇಲಿನ ನಿಮ್ಮ ಅದೇ ಓರೆ ಅಕ್ಷರ. ಯಾರೂ ಇಲ್ಲದ ಯಾವ ಹೊತ್ತಿನಲ್ಲಿ ಕೆತ್ತಿದಿರಿ? ಕಲ್ಲು ತಿರುಗಿಸಿ ನೆಡಿಸಿದೆ. ಈಗ ಅಕ್ಕನ ಹೆಸರಿಗೆ ಬಿಸಿಲು ಬೀಳುತ್ತದೆ; ನನ್ನದು ಗೋಡೆಯ ಕಡೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂದು ಬೆಳಿಗ್ಗೆ ಹಾಜರಿ ಮುಗಿಸಿ ಪುಸ್ತಕ ಮುಚ್ಚಿದ್ದೆ. ಕಿಟಕಿಯಾಚೆಯಿಂದ ನಿಮ್ಮ ದನಿ, ಮೆಲ್ಲಗೆ, "ಮಾರ್ಥಾ" ಅಂದಿತು. ಮಕ್ಕಳೆಲ್ಲ ಅತ್ತ ತಿರುಗಿದರು.

ಮಾಸ್ತರರೇ, ನಾನಿನ್ನೂ ಉತ್ತರ ಕೊಟ್ಟಿಲ್ಲ. ಕರೆದವರು ನೀವೇ, ನನ್ನನ್ನು ಹುಡುಕಿಕೊಂಡು ಬಂದ ಸಾವಲ್ಲ ಎಂದು ಖಾತ್ರಿಯಾದ ದಿನ ಕೊಡುತ್ತೇನೆ.

ನಿಮ್ಮ
ಮಾರ್ಥಾ