ಸೋಸುವ ಕಾಗದ ಖಾಲಿ

ಮಾರ್ಚ್ ೩, ಸೋಮವಾರ

ಮತ್ತೆ ಏಡಿ ಚಿಪ್ಪಿನ ಪುಡಿ. ತೂಗಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಕಾಸ್ಟಿಕ್ ಸೋಡಾ ಬೆರೆಸಿ, ಕಲಕುವ ಯಂತ್ರಕ್ಕೆ ಕೂರಿಸಿದೆ. ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ... ಯಜಮಾನರಿಗೆ ಫೋನ್.

"ಒಲೆ ಮುಂದೇನೇ ನಿಂತು ಟೀ ಕಾಯಿಸ್ತಿದ್ದೀನಿ ಕಣೇ. ಆಫ್ ಮಾಡ್ಲಾ?" ನಗು ಬೇರೆ.

ಈ ಪುಡಿ ಹುಳಿ ನೀರಿಗೆ ಕರಗುತ್ತದೆ. ಬರೀ ನೀರಿಗೆ ಜಪ್ಪಯ್ಯ ಎಂದರೂ ಇಲ್ಲ. ಇದರಿಂದ ಸುಟ್ಟ ಗಾಯಕ್ಕೆ ಔಷಧಿ ಮಾಡಬೇಕಂತೆ, ಗಾಯಕ್ಕೆ ಹುಳಿ ಹಚ್ಚಲಾದೀತೇ? ಅದಕ್ಕೇ ನಮ್ಮ ಲ್ಯಾಬಿನ ಮೇಡಂ ಅದರ ಗುಣವನ್ನೇ ಬದಲಿಸಲು ಹೊರಟಿದ್ದಾರೆ. ವರ್ಷದಿಂದ ಹೊರಟೇ ಇದ್ದಾರೆ. ಆಗದಿದ್ದರೆ ತಿಂಗಳ ಕೊನೆಗೆ ದೊಡ್ಡ ಸಾಹೇಬರು ಈ ಕೋಣೆ ಬೇರೆಯವರಿಗೆ ಕೊಡುತ್ತಾರಂತೆ. ಆಮೇಲೆ ಮೇಡಂ ಎಲ್ಲಿಗೋ, ನಾನು ಎಲ್ಲಿಗೋ. ಏಳನೇ ಕ್ಲಾಸಿಗೇ ಬಿಟ್ಟವಳನ್ನು ಯಾರು ಕರೆದು ಕೂರಿಸುತ್ತಾರೆ?

ಮಾರ್ಚ್ ೪

ಪುಡಿಯ ಗುಣ ಬದಲಿಸುವ ಆಸಿಡ್ ಹಾಕಿದ್ದಾಯಿತು. ಈ ಸಲ ಮೇಡಂ ಬಿಸಿ ಹೆಚ್ಚಿಸಿದರು.

"ಅಕ್ಕಾ, ಇದೂ ಕೈಕೊಟ್ರೆ ಇಬ್ಬರೂ ಟೀ ಅಂಗಡಿ ಇಡೋಣ."

"ಹಾಲು ಒಡೆದುಹೋದ್ರೆ ಮೇಡಂ?"

"ಅಂಗಡೀನೇ ಇಟ್ಟಿಲ್ಲ, ಆಗಲೇ ಹಾಲು ಒಡೆಸಿದ್ರಾ!"

ಮಾರ್ಚ್ ೫, ಬೆಳಿಗ್ಗೆ ೧೧

ಸ್ಟೋರಿನಲ್ಲಿ ಕೂತು ಬರೆಯುತ್ತಿದ್ದೇನೆ. ಪುಡಿ ಸೋಸಿ ಸ್ಪಿರಿಟ್ಟಿನಲ್ಲಿ ತೊಳೆಯಬೇಕು ಎಂದಿದ್ದರು. ಹೇಗೂ ಕರಗುವುದಿಲ್ಲ, ಸ್ಪಿರಿಟ್ ಯಾಕೆ ದಂಡ ಎಂದು ಇಷ್ಟು ದಿನ ಬರೀ ನೀರಲ್ಲೇ ತೊಳೆದು ರೂಢಿ. ಇವತ್ತೂ ಸುರಿದೆ. ಪುಡಿ ಉಬ್ಬಿತು, ಲೋಳೆಯಾಯಿತು. ನೀರನ್ನು ಕೆಳಗೆಳೆಯುವ ಪಂಪು ಗೊರ್ ಎಂದಿತು. ಆಮೇಲೆ ನೋಡಿದರೆ ಸೋಸುವ ಕಾಗದ ಖಾಲಿ! ಹರಿದು ಎಲ್ಲಾ ಕೆಳಗೆ ಹೋಗಿರಬೇಕು. ಹೋಯಿತು ಕೆಲಸ. ಮೇಡಮ್ಮಿಗೆ ಯಾವ ಮುಖ ಇಟ್ಟು ಹೇಳಲಿ...

ಸಂಜೆ

ಹೇಳಿದೆ. "ಹಾಳು ಮಾಡಿಬಿಟ್ಟೆ ಮೇಡಂ. ಒಂದು ಚೂರೂ ಉಳಿದಿಲ್ಲ."

"ಯಾವುದ್ರಲ್ಲಿ ತೊಳೆದ್ರಿ?"

"ಬರೀ ನೀರಲ್ಲಿ..."

"ಬರೀ ನೀರಲ್ಲಾ?" ಓಡಿದರು. ಕಾಗದವನ್ನು ಬೆಳಕಿಗೆ ಹಿಡಿದರು. ಎಲ್ಲೂ ತೂತಿಲ್ಲ. "ಅಕ್ಕಾ! ಕೆಳಗಿಳಿದ ನೀರು ಚೆಲ್ಲಿದ್ರಾ?"

ಚೆಲ್ಲಿರಲಿಲ್ಲ. ಲೋಳೆ ನೀರು, ಸಿಂಕ್ ಕಟ್ಟಿಕೊಂಡರೆ ಎಂಬ ಹೆದರಿಕೆ.

ಅದಕ್ಕೆ ಸ್ಪಿರಿಟ್ ಸುರಿದರು. ಬಿಳೀ ಎಳೆಗಳು ತೇಲಿಬಂದವು. ಒಂದಿಷ್ಟು ಎತ್ತಿ ಶುದ್ಧ ನೀರಿಗೆ ಹಾಕಿ ಕಲಕಿದರು. ಮೆಲ್ಲಗೆ ಮಾಯ!

"ಕರಗ್ತು ಅಕ್ಕಾ! ಹಾಳಾಗಿಲ್ಲ, ಕರಗಿದೆ!" ಎಂದು ತಬ್ಬಿಕೊಂಡರು.

"ಗ್ಲೌಸ್ ತೆಗೀರಿ ಮೇಡಂ, ಬಟ್ಟೆಗೆ ತಾಗತ್ತೆ" ಎಂದೆ. ಇನ್ನೂ ಜೋರಾಗಿ ನಕ್ಕರು. ನನಗೂ ಅಳುವೋ ನಗುವೋ ಗೊತ್ತಾಗಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಆಮೇಲೆ ಮಾಡಿದ್ದೆಲ್ಲ ಕರಗಿದೆ. ಇವತ್ತು ದೊಡ್ಡ ಸಾಹೇಬರು, ಜೊತೆಗೆ ಸುಟ್ಟಗಾಯದ ವಾರ್ಡಿನ ಡಾಕ್ಟರ್ ಬರುತ್ತಾರೆ. ಪುಡಿ ಹಾಕಿ ತೋರಿಸುವುದು ನಾನೇ ಅಂತೆ!

"ನನ್ನ ಕೈ ನಡುಗತ್ತೆ ಮೇಡಂ."

"ನಡುಗಲಿ ಬಿಡಿ. ಕಲಕೋ ಕೆಲಸ ಉಳೀತು."

ಮಧ್ಯಾಹ್ನ

ಹಾಕಿದೆ. ಸಾಹೇಬರು ಗ್ಲಾಸನ್ನು ಕಿಟಕಿಗೆ ಹಿಡಿದು, "ಏನಮ್ಮಾ, ಇದರಲ್ಲಿ ಏನೂ ಕಾಣ್ತಿಲ್ವಲ್ಲ?" ಎಂದರು.

"ಅದೇ ಸಾರ್!" ಎಂದುಬಿಟ್ಟೆ. ಅಷ್ಟು ಜೋರಾಗಿ ನಾನು ಮನೆಯಲ್ಲೂ ಮಾತಾಡಿಲ್ಲ. ಡಾಕ್ಟರ್ ಚಪ್ಪಾಳೆ ತಟ್ಟಿದರು. ಕೋಣೆ ನಮಗೇ ಉಳಿಯಿತು! ಇನ್ನು ಪರೀಕ್ಷೆಗೆ ಬಕೆಟ್‌ಗಟ್ಟಲೆ ಬೇಕಂತೆ. ಅಷ್ಟು ದೊಡ್ಡ ಪಾತ್ರೆ ನಮ್ಮಲ್ಲಿ ಎಲ್ಲಿದೆ? ಯಂತ್ರ ಎಳೆಯುತ್ತದೆಯೇ? ಚಿಪ್ಪು ಸಾಲದಿದ್ದರೆ... ಮೇಡಂ ಕೂಗುತ್ತಿದ್ದಾರೆ. ಫೋಟೋ ಅಂತೆ, ನಾನು ನಡುವೆ ನಿಲ್ಲಬೇಕಂತೆ. ಅಯ್ಯೋ, ತಲೆ ಬಾಚಿಕೊಂಡು—